ಒಂಬತ್ತನೇ ಸೀಸೆ

ನಮ್ಮ ಗಾಣದಲ್ಲಿ ಒಂದು ಪದ್ಧತಿ ಇದೆ. ಯಾವ ಡ್ರಮ್ ಹೊರಗೆ ಹೋದರೂ ಅದರಿಂದ ಒಂದು ಸೀಸೆ ಎಣ್ಣೆ ತೆಗೆದು, ಡ್ರಮ್ಮಿಗೂ ಸೀಸೆಗೂ ಒಂದೇ ನಂಬರ್ ಬರೆದು, ಸೀಸೆಯನ್ನು ಕಿಟಕಿ ಪಕ್ಕದ ಹಲಗೆಯ ಮೇಲೆ ಇಡುವುದು. ನಾಳೆ ಯಾರಾದರೂ ತಕರಾರು ತೆಗೆದರೆ ಸೀಸೆ ಮುಂದಿಟ್ಟು ಬಾಯಿ ಮುಚ್ಚಿಸಲು ನಮ್ಮಪ್ಪ ಮಾಡಿದ ಪದ್ಧತಿ. ಹುಣಸೂರಿನಲ್ಲಿ ಈ ಕಂಠಪ್ಪನ ಎಣ್ಣೆಗೆ ತಕರಾರು ತೆಗೆಯುವವನು ಇನ್ನೂ ಹುಟ್ಟಿಲ್ಲ ಎಂದು ನಾನೂ ಎದೆ ತಟ್ಟಿಕೊಂಡು ತಿರುಗುತ್ತಿದ್ದೆ.

ಬೇಸಿಗೆಯಲ್ಲಿ ಮಿಲಿಟರಿಯವರು ಬಂದರು. ಡೀಸೆಲ್ ಬದಲು ಹೊಂಗೆ ಎಣ್ಣೆಯಲ್ಲಿ ಲಾರಿ ಓಡಿಸಿ ನೋಡುವ ಪರೀಕ್ಷೆಯಂತೆ. ಸಮುದ್ರದಾಚೆಯಿಂದ ಬರುವ ಎಣ್ಣೆ ಒಂದು ದಿನ ನಿಂತುಹೋದರೂ ಗಡಿಯಲ್ಲಿ ಲಾರಿ ನಿಲ್ಲಬಾರದು ಅಂದರು. ಹತ್ತು ಡ್ರಮ್ ಬೇಕಿತ್ತು. ಆ ಲಾರಿಗಳಲ್ಲೊಂದನ್ನು ಓಡಿಸುವವನು ನನ್ನ ಮಗ ಗೌರೀಶನೇ. ನಮ್ಮ ಗಾಣದ ಹೆಸರು ಹೇಳಿದ್ದೂ ಅವನೇ. ನಾನು ಪೇಟೆಯಲ್ಲೆಲ್ಲ ಡಂಗುರ ಹೊಡೆದುಕೊಂಡು ಬಂದೆ.

ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರಿನಿಂದ ಚಿಕ್ಕಮಾದಮ್ಮ ಎಂಬಾಕೆ ಹೆಂಗಸರನ್ನು ಕಟ್ಟಿಕೊಂಡು ಹೊಂಗೆ ಬೀಜ ಆರಿಸಿ ಕಳಿಸಿದಳು. ಎಂಟು ಡ್ರಮ್ಮಿಗೆ ಬೀಜ ಮುಗಿಯಿತು. ಅಧಿಕಾರಿಗಳು ಅದರ ಮಾದರಿ ಒಯ್ದು, ಐದು ಡಿಗ್ರಿ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಭೇಷ್ ಅಂದರು. ಉಳಿದೆರಡು ಡ್ರಮ್ ಆಗುವುದಿಲ್ಲ ಅನ್ನಲು ನನ್ನ ಮೀಸೆ ಒಪ್ಪಲಿಲ್ಲ. ಮಿರ್ಲೆಯಿಂದ ಬಂದ ಹಿಪ್ಪೆ ಬೀಜ ಮೂಲೆಯಲ್ಲಿ ಬಿದ್ದಿತ್ತು. ಅದನ್ನೂ ಗಾಣಕ್ಕೆ ಹಾಕಿ, ಮನೆಯಲ್ಲಿ ಮೊದಲೇ ಇದ್ದ ಹೊಂಗೆ ಎಣ್ಣೆಗೆ ಅರ್ಧಕ್ಕರ್ಧ ಬೆರೆಸಿ ಎರಡೂ ಡ್ರಮ್ ತುಂಬಿಸಿದೆ.

"ಯಾಕ್ರೀ ಇಂಗೆ ಮಾಡ್ತೀರಿ?" ಅಂದಳು ನನ್ನ ಹೆಂಡತಿ ಪುಟ್ಟಮಲ್ಲಮ್ಮ.

"ಎಲ್ಡೂ ದೀಪುಕ್ಕೆ ಉಯ್ಯೋ ಎಣ್ಣೆನೇ ಕಣೆ. ದೀಪುಕ್ಕಾದದ್ದು ಲಾರಿಗಾಗಲ್ವಾ? ಸುಮ್ಕಿರು."

ಚಳಿಗಾಲದಲ್ಲಿ ಹಿಪ್ಪೆ ಎಣ್ಣೆ ತುಪ್ಪದಂತೆ ಕಟ್ಟುತ್ತದೆ ಎಂಬುದು ಗಾಣದವನಿಗೆ ಗೊತ್ತಿಲ್ಲದ ಸಂಗತಿಯೇ? ಗೊತ್ತಿತ್ತು. ಕಟ್ಟಿದರೆ ಒಲೆಯ ಪಕ್ಕ ಇಟ್ಟರೆ ಕರಗುತ್ತದೆ ಎಂದೂ ಗೊತ್ತಿತ್ತು. ಲಾರಿಯನ್ನು ಒಲೆಯ ಪಕ್ಕ ಇಡಲಾಗುವುದಿಲ್ಲ ಎಂಬುದೊಂದು ಈ ದಡ್ಡತಲೆಗೆ ಹೊಳೆಯಲಿಲ್ಲ. ವೈಶಾಖದ ಬಿಸಿಲಿಗೆ ಹತ್ತೂ ಡ್ರಮ್ಮಿನ ಎಣ್ಣೆ ಒಂದೇ ಸಮ ತೆಳುವಾಗಿತ್ತು. ಎಲ್ಲದರ ಮೇಲೂ ಸುಣ್ಣದಲ್ಲಿ ನಮ್ಮ ಗಾಣದ ಗುರುತಾದ ಮೂರು ವಿಭೂತಿ ಗೆರೆ ಎಳೆದು ಕಳಿಸಿಕೊಟ್ಟೆ.

ಈ ಧನುರ್ಮಾಸದಲ್ಲಿ ಹುಣಸೂರಿಗೇ ಮೈ ಕೊರೆಯುವ ಚಳಿ. ಇವತ್ತು ಬೆಳಗ್ಗೆ ಪೂಜೆ ಮುಗಿಸಿ ಏಳುವಷ್ಟರಲ್ಲಿ ಪುಟ್ಟಮಲ್ಲಮ್ಮ ಗಾಣದ ಮನೆಯಿಂದ ಕೂಗಿದಳು. ಹಲಗೆಯ ಮೇಲೆ ಎಂಟು ಸೀಸೆ ತಿಳಿಯಾಗಿದ್ದವು. ಒಂಬತ್ತನೆಯದೂ ಹತ್ತನೆಯದೂ ಬೆಳ್ಳಗೆ ಹೆಪ್ಪುಗಟ್ಟಿದ್ದವು. ತಲೆಕೆಳಗು ಮಾಡಿದರೂ ಹನಿ ಬೀಳಲಿಲ್ಲ.

ಹೋದ ಸಲ ರಜೆಗೆ ಬಂದಾಗ ಗೌರೀಶ ನಗುನಗುತ್ತಾ ಹೇಳಿದ್ದ: ಘಾಟಿಯ ಏರಿನಲ್ಲಿ ಎಂಜಿನ್ ನಿಂತರೆ ಸ್ಟೇರಿಂಗ್ ಕಲ್ಲಾಗುತ್ತದೆ, ಬ್ರೇಕಿನ ಗಾಳಿ ಇಳಿಯುತ್ತದೆ, ಪಕ್ಕದಲ್ಲಿ ಬರೀ ಪ್ರಪಾತ. ಅದು ನೆನಪಾಗಿ ಸೀಸೆಯನ್ನು ಹಲಗೆಗೆ ವಾಪಸಿಟ್ಟು ಅಲ್ಲೇ ಕುಳಿತೆ. ಅಷ್ಟರಲ್ಲಿ ಅವನದೇ ಫೋನ್ ಬಂತು.

"ಅಪ್ಪಾಜಿ, ಇವತ್ತು ಘಾಟಿ ಅತ್ತಾ ಇದೀವಿ. ಬಿಸ್ಲೇ ಬೀಳ್ದಿರೋ ದಾರಿ ಕಣಪ್ಪಾ, ಎಂಟು ಡಿಗ್ರಿ ಅಂತೆ. ಡ್ರಮ್ಮೆಲ್ಲ ಈಟರ್ ಶೆಡ್‌ನಲ್ಲಿ ಇಟ್ಟಿದ್ರು. ಉಳ್ದಿದ್ದು ಒಂಬತ್ನೇದು, ಅತ್ನೇದು ಎರಡೇಯ. ಒಂಬತ್ನೇದ್ನ ಅಟ ಮಾಡಿ ನನ್ ಲಾರಿಗೇ ಉಯ್ಸ್ಕಂಡೆ. ಮೂರು ಗೆರೆ ನೋಡಿದ್ರೆ ನೀನೇ ಪಕ್ಕದಲ್ಲಿ ಕುಂತಂಗೆ ಇರ್ತದೆ. ಸಾಯೇಬ್ರೂ ಇಲ್ಲೇ ಅವ್ರೆ, ಸ್ಪೀಕರ್ ಆಕಿದೀನಿ, ಮಾತಾಡು."

ಆ ಕಡೆಯಿಂದ ಹತ್ತಾರು ಗಂಟಲು ಒಟ್ಟಿಗೆ "ಕಂಠಪ್ಪಾ ಜೀ!" ಎಂದು ಕೂಗಿದವು. ಅಷ್ಟು ಜನರ ಮುಂದೆ, ಮಗನ ಸಾಹೇಬರ ಮುಂದೆ, ನಾನು ಕಲಬೆರಕೆ ಮಾಡಿದೆ ಅನ್ನಬೇಕಿತ್ತು.

"ಉಷಾರು ಕಣಪ್ಪಾ," ಅಂದೆ.

ಎಂಜಿನ್ ಶುರುವಾದ ಸದ್ದು ಕೇಳಿಸಿತು. ಫೋನ್ ಇಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೇ ಇದ್ದರೆ ಏನು ಹೋಗುತ್ತದೆ ಎಂದು ಯಾರೂ ಹೇಳಿಲ್ಲ.

ಪುಟ್ಟಮಲ್ಲಮ್ಮ ಒಂಬತ್ತನೇ ಸೀಸೆಯನ್ನು ನನ್ನ ಮಡಿಲಿಗೆ ಹಾಕಿದಳು. "ನಿಮ್ಗೆ ಮೀಸೆ ಬೇಕೋ, ಮಗ ಬೇಕೋ?"

ಮದುವೆಯಾದ ಮೂವತ್ತು ವರ್ಷದಲ್ಲಿ ಅವಳು ನನಗೆ ಹಾಗೆ ಮಾತಾಡಿದ್ದಿಲ್ಲ. ಫೋನ್ ಒತ್ತಿದೆ. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಳು ಒಳಗಿನ ಹೆಣ್ಣು. ಸಾಹೇಬರ ನಂಬರಿಗೂ ಅದೇ ಹೆಣ್ಣು, ಅದೇ ಮಾತು. ಆರು ಸಲ ಒತ್ತಿದೆ. ಅವಳ ದನಿಯಲ್ಲಿ ಒಂದಿಷ್ಟೂ ಅವಸರವಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಕಿಟಕಿಯಿಂದ ಬಿಸಿಲು ಬಂತು. ಸೀಸೆಯನ್ನು ತೆಗೆದುಕೊಂಡು ಹೋಗಿ ಹಲಗೆಯ ಮೇಲೇ ಇಟ್ಟೆ. ನೋಡುತ್ತಿದ್ದಂತೆ ಅಂಚು ಕರಗಿತು, ನಡುವಿನ ಬಿಳಿ ಸಣ್ಣದಾಯಿತು. ಅರ್ಧ ಗಂಟೆಗೆ ಹತ್ತೂ ಸೀಸೆ ಒಂದೇ ತರ. ಇನ್ನು ಯಾವ ಸಾಹೇಬ ಬಂದು ನೋಡಿದರೂ ಏನೂ ತಿಳಿಯದು ಎಂದು ಒಂದು ಕ್ಷಣ, ಒಂದೇ ಒಂದು ಕ್ಷಣ, ನನಗೆ ನೆಮ್ಮದಿಯಾಯಿತು. ಥೂ ನನ್ನ ಜನ್ಮಕ್ಕೆ.

ಬಿಸಿಲೇ ಬೀಳದ ದಾರಿ ಅಂದಿದ್ದ ಮಗ.

ನನ್ನ ಕೈಯಿಂದ ಫೋನ್ ಕಸಿದುಕೊಂಡು ಪುಟ್ಟಮಲ್ಲಮ್ಮ ಏಳನೇ ಸಲ ಒತ್ತಿದಳು.