ಅಂಬಿಗನ ಪದ್ಯದ ನಾಲ್ಕು ಉಸಿರು

ಶಾಲೆಯ ಮಾಳಿಗೆಗೆ ಕಟ್ಟಿದ್ದ ಧ್ವನಿವರ್ಧಕದ ಬಾಯಿ ನೆಟ್ಟಗೆ ನಮ್ಮ ಕಿಟಕಿಗೇ ತಿರುಗಿತ್ತು. ಬೇರೆ ದಿನವಾಗಿದ್ದರೆ ಶಪಿಸುತ್ತಿದ್ದೆವು. ಅವತ್ತು ಶಾಲೆಯಲ್ಲಿ ಪದ್ಯ ಹೇಳುವ ಸ್ಪರ್ಧೆ; ತಂಗಿಯೇ, "ಅಕ್ಕ, ಕಿಟಕಿ... ಪೂರ್ತಿ ತೆಗಿ," ಎಂದಳು.

ಹದಿನೆಂಟು ವರ್ಷ ಗಿರಣಿಯಲ್ಲಿ ಹತ್ತಿ ಹಿಂಜುವ ಯಂತ್ರದ ಮುಂದೆ ನಿಂತವಳು. ಆ ಧೂಳು ಈಗ ಎದೆಯಲ್ಲಿ ಮನೆ ಮಾಡಿತ್ತು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕು. ಡಾಕ್ಟರು ಔಷಧಿ ಬದಲಾಯಿಸುವುದನ್ನೂ ಬಿಟ್ಟಿದ್ದರು. ಅವಳಿಗೆ ಉಳಿದಿದ್ದ ಆಸೆ ಒಂದೇ: ಅಪ್ಪ ಹೇಳುತ್ತಿದ್ದ ಅಂಬಿಗನ ಪದ್ಯದ ಎಂಟೂ ಸಾಲನ್ನು, ಎಲ್ಲೂ ತುಂಡಾಗದೆ, ಇನ್ನೊಮ್ಮೆ ಕೇಳಬೇಕು. ತನ್ನಿಂದ ಆಗದು. ನನ್ನಿಂದ ಮೊದಲೇ ಆಗದು; ಅಪ್ಪನ ಮನೆಯಲ್ಲಿ ಹೇಳುವವಳು ಅವಳು, ದೇವರೆದುರು ಕೂತ ಹಾಗೆ ಕೈಮುಗಿದು ಕೇಳುವವಳು ನಾನು. ಅದಕ್ಕೇ ಹತ್ತು ವರ್ಷದ ಮಗಳಿಗೆ ಕಲಿಸಿದಳು. ಹುಟ್ಟಿದಾಗ ಸಣ್ಣ ದನಿಯಲ್ಲಿ ಕುಯ್ಯೋ ಅಂದಿದ್ದಕ್ಕೆ ಆ ಹುಡುಗಿಗೆ ಪಿಟೀಲು ಅಂತಲೇ ಹೆಸರು ಬಿದ್ದಿತ್ತು.

ಅಪ್ಪನ ಕಟ್ಟಳೆ ಬಿಗಿ. ಪದ್ಯವನ್ನು ಕಾಗದದಿಂದ ಕಲಿಯಕೂಡದು. ಹೇಳಿಕೊಡುವವರ ಎದುರು ಬಾಯಿ ಬಿಡಕೂಡದು. ಕೇಳಬೇಕು, ಹೊರಗೆ ಹೋಗಿ ಹೇಳಿಕೊಳ್ಳಬೇಕು, ಪಕ್ಕಾ ಆದ ದಿನ ಒಪ್ಪಿಸಬೇಕು. ಕೇಳಿದ್ದಕ್ಕೆ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಪಿಟೀಲು ಒಪ್ಪಿಸುವುದು ಶಾಲೆಯ ಸ್ಪರ್ಧೆಯಲ್ಲೇ ಎಂದಾಗಿತ್ತು.

ಸ್ಪರ್ಧೆಗೆ ಮೂರು ದಿನ ಮುಂಚೆ ಬಟ್ಟೆ ಒಣಹಾಕಲು ನಮ್ಮ ಮನೆಯ ಮಾಳಿಗೆಗೆ ಹೋದಾಗ, ನೀರಿನ ತೊಟ್ಟಿಯ ಹಿಂದೆ ಪಿಟೀಲು ಹೇಳಿಕೊಳ್ಳುತ್ತಿದ್ದಳು. ಆರನೆಯ ಸಾಲು, "ನಿನ್ನ ತೋಳಿನ ಅಳತೆ ನದಿಗೆ ಗೊತ್ತು." ಅವಳು "ನಿನ್ನ ತೋ" ಎಂದು ನಿಂತು, ಭುಜ ಮೇಲೆತ್ತಿ ಗಾಳಿ ಎಳೆದುಕೊಂಡು, "ಳಿನ ಅಳತೆ" ಎಂದಳು. ಹಾಗೆ ನಾಲ್ಕು ಕಡೆ. ತಂಗಿಗೆ ಉಸಿರು ಸಾಲದೆ ಹೋಗುತ್ತಿದ್ದ ಕಡೆಗಳೇ. ಅದನ್ನೂ ಪದ್ಯ ಎಂದೇ ಮಗಳು ಕಲಿತಿದ್ದಳು.

"ದೊಡ್ಡಮ್ಮ, ಸರಿ ಇದ್ಯಾ?"

ತಪ್ಪು ಅಂದರೆ, ಅದು ಏನೆಂದು ಆ ಮಗುವಿಗೆ ಬಿಡಿಸಿ ಹೇಳಬೇಕಿತ್ತು. "ಇನ್ನೂ ಸ್ವಲ್ಪ ಜೋರಾಗಿ ಹೇಳು," ಅಂದು ಇಳಿದುಬಂದೆ.

ಸ್ಪರ್ಧೆಯಲ್ಲಿ ಮೊದಲು ಒಬ್ಬ ಹುಡುಗ ಗಂಟಲು ಹರಿಯುವಂತೆ ಕಿರುಚಿದ. "ಇವನೇನು ಪದ್ಯ... ಹೇಳ್ತಾನೋ, ಬಸ್ಸಿಗೆ ಜನ... ಕರೀತಾನೋ," ಎಂದು ತಂಗಿ ನಕ್ಕಳು. ನಕ್ಕಿದ್ದಕ್ಕೆ ಅರ್ಧ ಗಂಟೆ ಕೆಮ್ಮಿದಳು.

ಆಮೇಲೆ ಪಿಟೀಲಿನ ದನಿ ಬಂತು. ತಂಗಿ ಕಣ್ಣು ಮುಚ್ಚಿ ಬೆರಳಲ್ಲಿ ತಾಳ ಹಾಕತೊಡಗಿದಳು. ಎರಡನೆಯ ಸಾಲಿನಲ್ಲಿ ದನಿ ಮುರಿಯಿತು, ಬೆರಳು ತಡೆಯಿತು. ನಾಲ್ಕನೆಯದರಲ್ಲಿ ಮತ್ತೆ. ಸಭೆ ಕಿಸಕ್ಕೆಂದಿತು. "ನಿಧಾನ ಮರಿ, ಓಡಿಬಂದ್ಯಾ?" ಎಂದು ಯಾರೋ ಮೇಷ್ಟ್ರು ಮೈಕಿನಲ್ಲೇ ಕೇಳಿದರು. ನಗು ಇಡೀ ಬೀದಿಗೆ ಕೇಳಿಸಿತು. ಅವಳು ಜಗ್ಗಲಿಲ್ಲ. ನಾಲ್ಕೂ ಕಡೆ ನಿಂತೇ ಮುಗಿಸಿದಳು.

"ಹೆದರಿಬಿಟ್ಟಿದ್ದಾಳೆ ಪಾಪ," ಅಂದೆ.

"ಅವಳಲ್ಲ ಅಕ್ಕ." ತಂಗಿ ಗೋಡೆಯ ಕಡೆ ಹೊರಳಿದಳು. "ಅದು... ನಾನು."

ಪಿಟೀಲು ಬಂದವಳೇ ಚಪ್ಪಲಿ ಎಸೆದಳು. "ಅಮ್ಮ, ನೀನು ನಿಲ್ಲೋ ಕಡೆಯೆಲ್ಲಾ ನಿಂತೆ, ಒಂದೂ ಬಿಡ್ಲಿಲ್ಲ! ಆದ್ರೂ ನಕ್ರು. ಬಹುಮಾನ ಆ ಕಿರುಚೋನಿಗೆ ಕೊಟ್ರು."

"ನೀನು ಸರಿಯಾಗೇ... ಹೇಳ್ದೆ ಕಣೆ. ಹೋಗು, ಮುಖ ತೊಳ್ಕೊ."

ಮಗಳು ಒಳಗೆ ಹೋದ ಮೇಲೆ ತಂಗಿ ನನ್ನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತು."

ನಾನು ಅಂಗಿಗೆ ಕಾಜಾ ಹೊಲಿಯುತ್ತಿದ್ದೆ. ತಲೆ ಎತ್ತಲಿಲ್ಲ. "ಮೂರು ದಿನದಿಂದ."

"ಕಲ್ಲು ನೀನು. ಹುಟ್ಟಿದಾಗಿನಿಂದ ಕೇಳಿದ್ದು... ಸಾಕು. ಈಗ ಬಾಯಿ ಬಿಡು. ಅವಳಿಗೆ ಹೇಳ್ಕೊಡು... ನಾನಿರುವಾಗ್ಲೇ."

ಐವತ್ತೆರಡು ವರ್ಷಕ್ಕೆ ಮೊದಲ ಸಲ ನಾನು ಪದ್ಯ ಹೇಳಿದೆ. ತುಕ್ಕು ಹಿಡಿದ ಬಾಗಿಲಿನಂಥ ದನಿ. ಪಿಟೀಲು ಒಪ್ಪಲೇ ಇಲ್ಲ.

"ತಪ್ಪು ದೊಡ್ಡಮ್ಮ. ಅಲ್ಲಿ ಅಮ್ಮ ನಿಲ್ತಾಳೆ."

"ನೀನು ನಿಲ್ಬೇಡ."

"ಯಾಕೆ?"

ನಾನು ಮತ್ತೆ ಮೊದಲಿನಿಂದ ಹೇಳಿದೆ. ದಿನಕ್ಕೊಂದರಂತೆ ಮೂರು ನಿಲುಗಡೆ ಬಿಟ್ಟುಹೋದವು. "ತೋಳಿನ" ಮಾತ್ರ ಮೂರು ದಿನ ಹಟ ಹಿಡಿಯಿತು. ಅಷ್ಟರಲ್ಲಿ ತಂಗಿಯ ಮಾತು ನಿಂತಿತ್ತು. ಕಣ್ಣು, ಬಲಗೈಯ ಒಂದು ಬೆರಳು, ಅಷ್ಟೇ.

ಏಳನೆಯ ದಿನ ಬೆಳಿಗ್ಗೆ ಪಿಟೀಲು ತಲೆ ಬಾಚಿಕೊಂಡು ಬಂದು, ಸಭೆಗೆ ನಿಲ್ಲುವಂತೆ ಕಿಟಕಿಗೆ ಮುಖ ಮಾಡಿ ನಿಂತಳು. ಹಾಸಿಗೆ ಅವಳ ಬೆನ್ನ ಹಿಂದೆ. "ಒಪ್ಪಿಸ್ತೀನಮ್ಮ," ಎಂದಳು.

ದನಿ ನೀರಿನ ಹಾಗೆ ಹರಿಯಿತು. ಹೊದಿಕೆಯ ಮೇಲೆ ಬೆರಳು ಏಳುತ್ತಿತ್ತು, ಬೀಳುತ್ತಿತ್ತು. ಎರಡನೆಯ ಸಾಲು ದಾಟಿತು. ನಾಲ್ಕನೆಯದೂ ದಾಟಿತು. ಆರನೆಯ ಸಾಲಿನ "ನಿನ್ನ ತೋ" ಎನ್ನುವಲ್ಲಿ ಬೆರಳು ನಿಂತಿತು.

ಪಿಟೀಲು ನಿಲ್ಲಲಿಲ್ಲ.

ತಂಗಿಯ ಎದೆಯನ್ನೇ ನೋಡಿದೆ. ಅದು ಏಳಲಿಲ್ಲ. ಮಗುವನ್ನು ಕರೆಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಇನ್ನೂ ಎರಡು ಸಾಲಿತ್ತು. ಸೂಜಿ ಕೆಳಗಿಟ್ಟು, ಕೈಮುಗಿದು, ಕೇಳಿದೆ.