ಅಚ್ಚು ಕಡೆಯುವ ಕೈ

ಮಡಗಾಂವಿನ ಗಡಿಯಾರದಂಗಡಿಯಲ್ಲಿ ದ್ರಾಕ್ಷಾಯಿಣಿ ಎಡಗೈಯಿಂದ ಪುಟ್ಟ ಲೇಥ್ ಯಂತ್ರದ ಹಿಡಿಯನ್ನು ತಿರುಗಿಸುತ್ತ, ಬಲಗೈಯ ಉಳಿಯಿಂದ ಗಡಿಯಾರದ ಚಕ್ರಕ್ಕೊಂದು ಸೂಜಿಯಷ್ಟು ತೆಳುವಾದ ಉಕ್ಕಿನ ಅಚ್ಚನ್ನು ಕಡೆಯುತ್ತಿದ್ದಳು. ಎಡಗೈ ವೇಗಗೊಂಡೊಡನೆ ಬಲಗೈಯೂ ಬಿಗಿಯುತ್ತಿತ್ತು. ಹಿಂದಿನ ಅಚ್ಚುಗಳೆಲ್ಲ ಹಾಗೆಯೇ ಮುರಿದಿದ್ದವು. ಇದೂ ಮುರಿದರೆ ಅವಳು ಮೊದಲು ದುಡಿಯುತ್ತಿದ್ದ ವೆರ್ಣಾದ ಕಾರ್ಖಾನೆಗೆ ಮರಳತಕ್ಕದ್ದೆಂದು ಗುರು ಹುಲಿಗೆಪ್ಪನವರು ವಿಧಿಸಿದ್ದರು.

“ನಿಮ್ಮತ್ತಿ ಹೆಂಗದಾಳವಾ?” ಎಂದು ಅವರು ಕೇಳಿದರು.

“ಈಗ ಮಾತಾಡಸಬ್ಯಾಡ್ರಿ ಕಾಕಾ, ಮುರೀತೈತಿ.”

“ಜಗಳಾ ಬಿಟ್ಟಾಳೇನು?”

“ಆಕಿ ಎಲ್ಲಿ ಬಿಡ್ತಾಳ್ರಿ! ನಿನ್ನಿ ಪಲ್ಯಾಕ ಉಪ್ಪು ಹೆಚ್ಚಾತಂತ ಓಣಿಗೆಲ್ಲಾ ಹೇಳಿ ಬಂದಾಳ!”

ದೂರು ಮುಂದುವರಿದಂತೆ ಎಡಗೈ ರಭಸದಿಂದ ತಿರುಗಿತು. ಅವಳು ಮರೆತಿದ್ದ ಬಲಗೈ ಹಗುರವಾಗಿಯೇ ಇತ್ತು. ಕೂದಲಿನಂಥ ಉಕ್ಕಿನ ಸುರುಳಿಯೊಂದು ತುಂಡಾಗದೆ ಇಳಿಯಿತು. ಹುಲಿಗೆಪ್ಪನವರು ಅಚ್ಚನ್ನು ಕೂರಿಸಿದಾಗ ಗಡಿಯಾರದ ಚಕ್ರ ಟಿಕ್ ಟಿಕ್ ಎನ್ನುತ್ತ ಅತ್ತಿತ್ತ ತೂಗತೊಡಗಿತು.

“ನಾಳಿ ಲಗೂ ಬಾ,” ಎಂದರು ಅವರು. “ಅತ್ತಿ ಕಥಿ ಇನ್ನೂ ಅರ್ಧಾ ಉಳದೈತಿ.”