ಎಡಗಿವಿಯ ಮಣ್ಣು

"ಇವರಿಗೆಲ್ಲ ಒಂದೇ ಥರದ ಕಿವಿ ಯಾಕೆ, ಸರ್?"

ಪತ್ರಕರ್ತೆ ಹೀಗೆ ಕೇಳಿದಾಗ ಶಿಲ್ಪಿ ತನ್ನ ಕಲಾದೃಷ್ಟಿಯನ್ನು ಬಣ್ಣಿಸುತ್ತ ಒಳ್ಳೆಯ ಲಹರಿಯಲ್ಲಿದ್ದ. ಕಾರ್ಯಾಗಾರದ ಹಲಗೆಗಳ ಮೇಲೆ ಹದಿನಾರು ತಲೆಗಳು: ಅಂಚೆಯವನು, ನರ್ಸು, ಬಸ್ಸಿನ ಮುದುಕಿ, ತೊಟ್ಟಿಲ ಕೂಸು. ಪ್ರದರ್ಶನದ ಹೆಸರು 'ಇತರರು'. ಹದಿನೇಳನೆಯದು ಹೆಂಡತಿಯ ತಲೆ, ಇನ್ನೂ ಹಸಿಮಣ್ಣು. ನಾಲ್ಕು ಗಂಟೆಗೆ ಎರಕದವನು ಬಂದು ಅದನ್ನು ಲೋಹದಲ್ಲಿ ಹೊಯ್ಯಲು ಒಯ್ಯುವವನಿದ್ದ.

ಅವನು ತಿರುಗಿ ನೋಡಿದ. ನಿಜ. ಕೂಸಿಗೂ ಮುದುಕಿಗೂ ಅದೇ ಅಗಲ ಹಾಲೆ, ಅದೇ ಮಡಿಕೆ. ಕಿವಿಯೆಂದರೆ ಇಲ್ಲಿ ಇಡೀ ಮನುಷ್ಯಕುಲದ ಆಲಿಸುವಿಕೆ ಎಂದು ಏನೋ ಹೇಳಿ ಬಚಾವಾದ. ಪತ್ರಕರ್ತೆ ಶ್ರದ್ಧೆಯಿಂದ ಬರೆದುಕೊಂಡು ಹೋದಳು.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಆ ಕಿವಿ ಯಾರದೆಂದು ಅವಳಿಗೆ ಹತ್ತೊಂಬತ್ತು ವರ್ಷದಿಂದ ಗೊತ್ತು. ಅವನು ಎದುರಿಗೆ ಯಾರನ್ನೂ ಕೂರಿಸಿಕೊಳ್ಳುವವನಲ್ಲ. ಎಡಗೈಯಿಂದ ತನ್ನನ್ನೇ ತಡವಿ ನೋಡುತ್ತ ಬಲಗೈಯಿಂದ ಮಣ್ಣು ತಿದ್ದುತ್ತಾನೆ. ದಿನಾ ಸಂಜೆ ಅವನ ಎಡಗಿವಿಯ ಮಣ್ಣು ಒರೆಸುವವಳು ಅವಳೇ.

ಅವಳು ಇದನ್ನು ಬಿಡಿಸಿ ಹೇಳಿದಾಗ ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಇಷ್ಟು ವರ್ಷ, ಮಣ್ಣು ಎಂದಮೇಲೆ ಎಲ್ಲಾದರೂ ಮೆತ್ತಿಕೊಳ್ಳುತ್ತದೆ ಎಂದುಕೊಂಡಿದ್ದ. ಇವಳೊಬ್ಬಳ ತಲೆಯಾದರೂ ಇವಳದೇ ಆಗಬೇಕು ಎಂದು ಅದರ ಎಡಗಿವಿಯನ್ನು ತಂತಿಯಿಂದ ಕತ್ತರಿಸಿ, ಹೊಸದು ಮಾಡಲು ನಿಂತ. ಎಡಗೈ ತಾನಾಗಿ ಮೇಲೇರಿತು. ಅವಳು ಅದನ್ನು ಹಿಡಿದು, ಕೂದಲು ಸರಿಸಿ, ತನ್ನ ಕಿವಿಗೆ ಹಚ್ಚಿಕೊಂಡಳು.

"ಇದನ್ನ ಮುಟ್ಟಿ ಮಾಡಿ. ನನಗೂ ಒಂದಿದೆ."

ಅಂಚಿನಲ್ಲಿ ಅವನ ಬೆರಳಿಗೆ ಒಂದು ಸಣ್ಣ ಗಾಯದ ಗುರುತು ಸಿಕ್ಕಿತು.

"ಇದು ಯಾವಾಗ ಆಯ್ತು?"

"ಮದುವೆಗೆ ಮುಂಚೆ. ತಂಗಿ ಹಲ್ಲು ಊರಿದ್ಲು."

"ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ಲ."

ಆಮೇಲೆ ಮಧ್ಯಾಹ್ನವೆಲ್ಲ ಖುಷಿಯೋ ಖುಷಿ. ಅವಳು ಕಚಗುಳಿ ತಾಳದೆ ಮುದುಡಿದಳು, ತಂಗಿಯ ಜೊತೆಗಿನ ಜಗಳಗಳನ್ನೆಲ್ಲ ಹೇಳಿ ನಗಿಸಿದಳು. ಮೂರೂಮುಕ್ಕಾಲಿಗೆ ಕಿವಿ ಮುಗಿಯಿತು. ಗಾಯದ ಗುರುತೂ ಸೇರಿ ಥೇಟ್ ಅವಳದೇ. ಇಷ್ಟು ಒಳ್ಳೆಯ ಕೆಲಸ ತನ್ನ ಕೈಯಿಂದ ಈವರೆಗೆ ಆಗಿರಲಿಲ್ಲ ಅನ್ನಿಸಿ ಅವನ ಕಣ್ಣು ತುಂಬಿತು. ಅವಳ ಕಿವಿಗೆ ಮೆತ್ತಿದ ಮಣ್ಣನ್ನು ಈ ಸಲ ಅವನು ಒರೆಸಿದ.

ನಂತರ ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ತಲೆಯನ್ನು ನೋಡಿದ.

ಹಣೆ ಅವನದು. ಮೂಗು ಅವನದು. ತುಟಿ, ಗದ್ದ, ಕೆನ್ನೆಯ ಎಲುಬು, ಎಲ್ಲ ಅವನದೇ. ಅವನ ಮುಖದ ಪಕ್ಕದಲ್ಲಿ, ತಪ್ಪಿ ಬೇರೆ ಮನೆಗೆ ಬಂದವರ ಹಾಗೆ, ಅವಳ ಒಂದು ಕಿವಿ.

"ಚೆನ್ನಾಗಿದೆ ಅಲ್ವಾ?" ಅವಳು ಕಿವಿಯನ್ನಷ್ಟೇ ನೋಡುತ್ತಿದ್ದಳು.

ಹೊರಗೆ ಎರಕದವನ ವ್ಯಾನು ಹಾರ್ನ್ ಹೊಡೆಯಿತು. ಉಳಿದ ಹದಿನಾರು ಮುಖಗಳಿದ್ದ ಹಲಗೆಗಳ ಕಡೆ ತಿರುಗಲು ಅವನಿಗೆ ಧೈರ್ಯ ಬರಲಿಲ್ಲ. ಎಡಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡು ನಿಂತ.